ಸೊನ್ನೆ ಕಿಲೋ

ಶಾರ್ಜಾ, ರೋಲಾದ ಹಿಂದಿನ ಓಣಿ, ಟೈಪಿಂಗ್ ಸೆಂಟರ್.
ಹಗಲೆಲ್ಲ ನಾನು ಪರರ ಹೆಸರು ಬಡಿಯುವವಳು:
ವೀಸಾ, ಬಾಡಿಗೆ ಕರಾರು, ಕಳೆದ ಪಾಸ್‌ಪೋರ್ಟಿನ ಅಹವಾಲು.
ಒಂದು ಅಕ್ಷರ ತಪ್ಪಿದರೆ ಒಬ್ಬನ ವರ್ಷವೇ ತಪ್ಪುತ್ತದೆ.
ಅಷ್ಟು ಗೊತ್ತಿದ್ದೂ
ರಾತ್ರಿ ನನ್ನದೇ ಒಂದು ಫಾರಂ ಕಟ್ಟಿದೆ.

ಯೋಚನೆ ಸಣ್ಣದು. ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ
ಎರಡೋ ಮೂರೋ ಕಿಲೋ ಜಾಗ ಉಳಿಯುತ್ತದೆ,
ಕಳಿಸಬೇಕಾದವರ ಕೈಯಲ್ಲಿ ಪೊಟ್ಟಣ ಉಳಿಯುತ್ತದೆ.
ಇವರಿಗೂ ಅವರಿಗೂ ನಡುವೆ ಒಂದು ಪುಟ.
ಅಟ್ಟಮಂಚದ ಮೇಲೆ, ಮೊಣಕಾಲೇ ಮೇಜಾಗಿ,
ಕೆಳಗಿನ ಮಂಚದ ಫ್ಲೋಸಿ ನೈಟ್ ಡ್ಯೂಟಿಗೆ ಹೋದ ಮೇಲೆ
ನಲವತ್ತು ರಾತ್ರಿ.
ಹಸಿರು ಯಾವ ಹಸಿರು ಎಂದು ಆರಿಸಲಿಕ್ಕೇ ಮೂರು.

ಮೊದಲು ತೋರಿಸಿದ್ದು ಅವಳಿಗೆ.
"ಚೆಂದ ಉಂಟು" ಅಂದಳು, ಫೋನು ವಾಪಸು ಕೊಟ್ಟಳು.
ಚೆಂದ ಉಂಟು ಎಂಬುದು ಉತ್ತರವಲ್ಲ
ಎಂದು ತಿಳಿಯಲು ನನಗೆ ವಾರ ಹಿಡಿಯಿತು.
ಅವಳು ಮತ್ತೊಮ್ಮೆ ತೆರೆಯಲಿಲ್ಲ.

ಕೆಫೆಟೇರಿಯಾದ ಇದ್ದಿನಬ್ಬನದು
ಪರೋಟದ ಕಾವಲಿಯಲ್ಲಿ ಬೆಂದು ದಪ್ಪಗಟ್ಟಿದ ಹೆಬ್ಬೆರಳು.
ಒತ್ತಿದ, ಪಕ್ಕದ್ದು ಒತ್ತಿತು.
ಮತ್ತೆ ಒತ್ತಿದ, ಬರೆದದ್ದೆಲ್ಲ ಅಳಿಸಿಹೋಯಿತು.
"ನಿನ್ನ ಗುಂಡಿ ನಿನ್ನ ಬೆರಳಿಗೇ ಹೊಲಿದದ್ದು, ಮಾರಾಯ್ತಿ."

ಲಾಂಡ್ರಿಯ ಮೊಫಿಜುಲ್ ಎರಡನೆಯ ಮನೆಯಲ್ಲೇ ನಿಂತ:
ಕುಲನಾಮ, ಪಕ್ಕದಲ್ಲಿ ಕೆಂಪು ನಕ್ಷತ್ರ, ಕಡ್ಡಾಯ.
"ನನಗೆ ಒಂದೇ ಹೆಸರು."
ಹೌದು. ಅವನ ವೀಸಾದ ಅರ್ಜಿ ನಾನೇ ಬಡಿದದ್ದು,
ಇದೇ ನಕ್ಷತ್ರಕ್ಕೆ ಸಿಕ್ಕಿಬಿದ್ದು
ಸರಕಾರಿ ಫಾರಮ್ಮಿಗೆ ಬೈಯುತ್ತಾ.
ಆ ರಾತ್ರಿ ಕೂತು ನಕ್ಷತ್ರ ಕಿತ್ತೆ, ಸೀರೆಯ ಚಮಕಿ ಕೀಳುವ ಹಾಗೆ.
ಹದಿನಾಲ್ಕು ಮನೆಗಳಲ್ಲಿ ನಾಲ್ಕು ಉಳಿದವು.

ಟ್ಯಾಕ್ಸಿಯ ಗುಲ್ ಜರೀನ್ ನೋಡಲೂ ಇಲ್ಲ. ಕೇಳಿದ:
"ಒಳಗೇನಿದೆ ಅಂತ ಗೊತ್ತಿಲ್ಲದೆ ಯಾರು ಹೊರುತ್ತಾರೆ?
ನೀನು ಹೊರುತ್ತೀಯಾ?"
ಸಿಗ್ನಲ್ ಬಿಟ್ಟಿತು, ಹಿಂದಿನ ಗಾಡಿ ಹಾರ್ನ್ ಹೊಡೆಯಿತು.
ನಾನು ಹೊರುವುದಿಲ್ಲ.
ಹಾಗಾಗಿ ಆರನೆಯ ವಾರ ಒಂದು ಸಾಲು ಸೇರಿತು:
ಕಟ್ಟುವವರು, ಹೊರುವವರ ಕಣ್ಣೆದುರೇ ಕಟ್ಟಬೇಕು.

ನಡುವೆ ದುಬೈಯ ಒಂದು ಗಾಜಿನ ಕೋಣೆ,
ಹೊಸ ಯೋಚನೆಗಳಿಗೆ ತಲಾ ನಾಲ್ಕು ನಿಮಿಷ.
"ಮಾರುಕಟ್ಟೆ ಎಷ್ಟು ದೊಡ್ಡದು?" ಕೇಳಿದರು ಒಬ್ಬರು,
ನನ್ನ ಚಪ್ಪಲಿ ನೋಡುತ್ತಾ.
"ಮೂವತ್ತೊಂದು ಜನ" ಅಂದೆ. ನಕ್ಕರು. ನಾನೂ ನಕ್ಕೆ.
ಬಸ್ಸಿನಲ್ಲಿ ಬರುತ್ತಾ ಎಣಿಸಿದರೆ ಮೂವತ್ತೇ.
ಫ್ಲೋಸಿಯನ್ನು ಸೇರಿಸಿಬಿಟ್ಟಿದ್ದೆ.

ಆಮೇಲೆ ಆ ಸೊನ್ನೆ.
ಗುರುವಾರ, ರಾತ್ರಿ ಒಂದೂವರೆ.
ವಾಮನ ಖಾರ್ವಿ, ಅಜ್ಮಾನಿನಿಂದ ಗಂಗೊಳ್ಳಿಗೆ,
ತೂಕ: ಸೊನ್ನೆ ಕಿಲೋ.
ತಪ್ಪಿ ಬಂದದ್ದೆಂದು ಅಳಿಸಿದೆ. ಮತ್ತೆ ಬಂತು. ಅಳಿಸಿದೆ.
ಮೂರನೆಯ ಸಲ ಫೋನೇ ಬಂತು:
"ಅಕ್ಕ, ಒಂದ್ ಕಿಲೋಕಿಂತ ಕಮ್ಮಿ ಒತ್ತೂಕೇ ಆತಿಲ್ಲೆ."
ಅವನದು ಒಂದು ಕೀಲಿ. ಭಾವನ ದೋಣಿಯ ಎಂಜಿನ್ ಪೆಟ್ಟಿಗೆಯದು,
ಪ್ಯಾಂಟಿನ ಜೇಬಿನಲ್ಲೇ ವಿಮಾನ ಹತ್ತಿ ಬಂದದ್ದು.
ಅಲ್ಲೇ ಬೀಗ ಒಡೆಯಬಹುದಲ್ಲ?
"ಒಡೀಲಕ್ಕ್. ಆರೆ ತಂದವ ನಾನಲ್ದಾ."

ಬೆಳಗಾಗುವುದರೊಳಗೆ ಗ್ರಾಂ ಸೇರಿಸಿದೆ.
ಮೂವತ್ತೈದು ಗ್ರಾಂ ಎಂದು ತುಂಬಿದ ಅವನು,
ಎಲ್ಲಿ ತೂಗಿದನೋ.

ಶನಿವಾರದ ವಿಮಾನ ಫ್ಲೋಸಿಯದು.
ಡ್ಯೂಟಿ ಮುಗಿಸಿ ಬಂದವಳು ಪುಟ ತೆರೆದಳು,
ಬೇಕಾಗಿ ತೆರೆದದ್ದು ಇದೇ ಮೊದಲು.
ಒತ್ತಿದಳು, ಹಿಂದೆ ಬಂದಳು, ಮತ್ತೆ ಒತ್ತಿದಳು.
"ಹೊರುವವರು ಯಾರಿಗೆ ಫೋನ್ ಮಾಡುವುದು? ಎಲ್ಲಿ ಬರೆದಿದ್ದೀ?
ವಿಮಾನ ತಡವಾದರೆ? ಎಂಥದ್ದಾ ಇದು,
ಒಂದೂ ಸರಿ ಇಲ್ಲ."

ಏಣಿ ಇಳಿದು ಪೆನ್ನು ಹುಡುಕಿದೆ.
"ತಡಿ" ಅಂದೆ. "ನಿಧಾನ ಹೇಳು.
ಮೊದಲಿನಿಂದ."