ಸುಣ್ಣದ ವಾರ

ಮಾನೌಮಿ ಅಮಾಸಿಗೆ ಎಂಟ ದಿನ ಉಳದಾಗ
ಅತ್ತಿ ನಸುಕಿನ್ಯಾಗ ಎದ್ದು, ಸೀರಿ ಎತ್ತಿ ಕಟ್ಟಿ,
ಪಡಸಾಲಿ ನಡುವ ನಿಂತು
ಒಂದ ಮಾತು ಅಂದಳು: "ತಗೀರಿ ಹೊರಗ."

ಅಷ್ಟ. ಹಂಡೆ, ಹರಿವಾಣ, ಕಾಲು ಮುರಿದ ತೊಟ್ಟಿಲ,
ಮೈದುನ ಎರಡ ದಿನ ಎತ್ತಿ ಬಿಟ್ಟ ಜಿಮ್ಮಿನ ಕಬ್ಬಿಣ,
ಮಾವನ ಕಾಲದ ಲಾಳಿ ಹನ್ನೊಂದು,
ಎಲ್ಲಾ ಓಣಿಗೆ ಬಂದು ಕುಂತವು.
ಎದುರು ಮನಿ ಬನವ್ವ ಬಾಗಲಾಗ ನಿಂತು ಎಣಿಸಿದಳು.
ಎಣಿಸಲಿ.
ನಾಳೆ ಆಕಿ ಸರದಿ, ನಾವೂ ಎಣಸ್ತೇವಿ.

ಮಗ್ಗಕ್ಕ ಮಾತ್ರ ಹಳೇ ಚಾದರ ಹೊದಿಸಿ ಬಿಟ್ಟೇವಿ.
ಖಣದ ನೂಲಿನ ಮ್ಯಾಲ ಸುಣ್ಣ ಸಿಡಿದರ
ಭಾವ ಊಟ ಬಿಡತಾನ.

ಸೊಸೈಟಿಗೆ ನಾನು ಎರಡ ದಿನ ರಜಾ ಬರದೀನಿ,
ಕಾರಣ: ಮನಿ ಕೆಲಸ.
ಮ್ಯಾನೇಜರ್ ಓದಿ ನಕ್ಕ.
ಗುಳೇದಗುಡ್ಡದಾಗ ಈ ವಾರ ಎಲ್ಲಾರಿಗೂ ಅದ ಕಾರಣ;
ಅವನ ಕಿವಿ ಮ್ಯಾಲೂ ಜಾಡು ಇತ್ತು.

ಜಂತಿ ಝಾಡಿಸೋದು ಗಂಡಸರ ಪಾಲು.
ಬಿದಿರಿಗೆ ಕಸಬರಗಿ ಕಟ್ಟಿ, ಮುಖಕ್ಕ ವಲ್ಲಿ ಸುತ್ತಿ ನಿಂತರ
ಗಂಡ ಯಾರು, ಭಾವ ಯಾರು, ಗುರುತಿಲ್ಲ.
ಚಹಾ ಕೊಡೋ ಮುಂದ ಕಾಲು ನೋಡಿ ಕೊಟ್ಟೆ.
ಬೆಳಕಿಂಡಿಯಿಂದ ಬಿಸಿಲಿನ ಕಂಬ ಇಳಿದು
ಧೂಳಿನ್ಯಾಗ ಗಟ್ಟಿಯಾಗಿ ನಿಂತಿತ್ತು.
ಸಣ್ಣಾಕಿ ಗಿರಿಜಾ ಅದನ್ನ ತಬ್ಬಲಿಕ್ಕೆ ಹೋಗಿ
ಸೀನಿ ಸೀನಿ ಬಂದಳು.

ಬರಿದಾದ ನಡಮನಿಯೊಳಗ ಹುಡುಗರು ಕೂಗಿದರ
ಗ್ವಾಡಿ ತಿರುಗಿ ಕೂಗತಿತ್ತು.
ವರ್ಷಕ್ಕ ಒಂದ ದಿನ ಈ ಮನಿಗೆ ದನಿ ಬರತೈತಿ.
ಉಳಿದ ದಿನ ಬಾಯಿ ತೆರೀಲಿಕ್ಕೆ ಅದಕ್ಕ ಜಾಗ ಎಲ್ಲಿ?
ಹದಿಮೂರು ಮಂದಿ, ಎರಡ ಮಗ್ಗ, ಒಂದ ಬಚ್ಚಲ,
ಏಳೂವರಿ ಒಳಗ ಐದ ಡಬ್ಬಿ,
ಒಂದ ಕಾಲಿಗೆ ಸಾಕ್ಸು ಹಾಕ್ಕೊಂಡು ಇನ್ನೊಂದು ಹುಡುಕೋ ಓಂಕಾರ,
ಈ ಕಡೆ ರೊಟ್ಟಿ ಬಡಿಯೋದು, ಆ ಕಡೆ ಲಾಳಿ ಬಡಿಯೋದು.

ಸುಣ್ಣ ಹೆರೆದರ ಗ್ವಾಡಿ ಪದರ ಪದರ ಬಿಚ್ಚತೈತಿ.
ಮ್ಯಾಲಿನ ಪಿಸ್ತಾ ನನ್ನ ಮದುವಿದು.
ಕೆಳಗ ಗುಲಾಬಿ, ನೆಗೆಣ್ಣಿ ಮುರಿಗೆವ್ವಕ್ಕಂದು.
ಅದರ ಕೆಳಗ ತೆಳು ನೀಲಿ.
"ಅದು ನಂದು," ಅಂದಳು ಅತ್ತಿ,
"ಸುಣ್ಣಕ್ಕ ನೀಲಿ ಬಿಟ್ಟದ್ದ ಆಗ ದೊಡ್ಡ ಸುದ್ದಿ."

ಆಮ್ಯಾಲ ಜ್ವಾಳದ ಗುಮ್ಮಿ.
ನಾಕ ವರ್ಷ ಯಾರೂ ಸರಿಸಿರಲಿಲ್ಲ.
ಮೂರು ಮಂದಿ ನೂಕಿದರ ಹಿಂದ ಸಿಕ್ಕಿತು,
ಇಲಿ ಹಿಕ್ಕಿ, ಒಂದ ರಬ್ಬರ್ ಚೆಂಡು, ನಡುವ
ಗಿಳಿ ಮಾರಿದು ಹಿತ್ತಾಳಿ ಅಡಕೊತ್ತು.

ಮುರಿಗೆವ್ವಕ್ಕನ ತವರಿಂದು.
ನಾನು ಈ ಮನಿಗೆ ಬಂದ ವರ್ಷವ ಕಳೆದದ್ದು.
ನೀ ತಗೊಂಡಿ ಅಂತ ಆಕಿ ಒಮ್ಮೆಯೂ ಅಂದಾಕಿ ಅಲ್ಲ.
ನನ್ನ ಟ್ರಂಕಿನ ಕಡೆ ನೋಡತಿದ್ದಳು, ಅಷ್ಟ.
ನಾನೂ ಟ್ರಂಕಿಗೆ ಕೀಲಿ ಹಾಕಲಾರದ
ನಾಕ ವರ್ಷ ತೆರದ ಇಟ್ಟೀನಿ.

"ಇಲಿ ಒಯ್ದಿರಬೇಕು," ಅಂದಳು.
"ಹೂಂ," ಅಂದೆ. "ಇಲೀನ."

ಒಲಿ ಓಣ್ಯಾಗ ಇತ್ತು. ಊಟ ಬನವ್ವ ಕಳಿಸಿದ್ದು,
ಜುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ.
ಕಟ್ಟಿ ಮ್ಯಾಲ ಸಾಲಾಗಿ ಕುಂತು ಉಂಡೇವಿ.
ಉಂಡ ಮ್ಯಾಲ ಮುರಿಗೆವ್ವಕ್ಕ
ಹುಣಸಿ ಹಣ್ಣು ಹಚ್ಚಿ ಗಿಳಿಯ ಮಾರಿ ತಿಕ್ಕಿದಳು,
ತಿಕ್ಕೇ ತಿಕ್ಕಿದಳು,
ಒಂದ ಅಡಕಿ ಇಟ್ಟು ಒತ್ತಿದಳು.
ಧಾರಿ ಹೋಗಿತ್ತು. ಕತ್ತರಿಸಲಿಲ್ಲ, ಜಜ್ಜಿತು.
ಅರ್ಧ ಪುಡಿ ನನ್ನ ಅಂಗೈಗೆ ಸುರಿದಳು.
ನಾನು ಅಡಕಿ ತಿನ್ನಾಕಿ ಅಲ್ಲ.
ತಿಂದೆ.

ಸಂಜಿಗೆ ಸುಣ್ಣ ಅರಿಲಿಕ್ಕೆ ಹತ್ತಿದಾಗ
ಒಂದೊಂದ ಸಾಮಾನು ಒಳಗ ಬಂದವು.
ಹೊರಗ ಹೋದದ್ದಕ್ಕಿಂತ ಹೆಚ್ಚ ಬಂದಂಗ ಕಂಡಿತು.
ಗುಮ್ಮಿ ಹಚ್ಚೋ ಮುಂದ ಮುರಿಗೆವ್ವಕ್ಕ ಒಳಗಿಂದ ಕೂಗಿದಳು:
"ಗ್ವಾಡಿಗೆ ತಾಗಸಬ್ಯಾಡ್ರಿ, ಗೇಣು ಬಿಡ್ರಿ,
ಕೈ ಹೋಗುವಷ್ಟು."

ಗಂಡಸರು ಗೇಣು ಅಳೀತಿದ್ದರು,
ಯಾರ ಗೇಣು ಅಂತ ಜಗಳ ತಗದಿದ್ದರು,
ಅಷ್ಟರಾಗ ಓಣಿ ತುದಿಗೆ ಯಾರೋ "ನಳ ಬಂತು" ಅಂದರು.
ಹದಿಮೂರು ಮಂದಿ,
ಸುಣ್ಣದ ಕೈ ಸುಣ್ಣದ ಕಾಲಿನ್ಯಾಗ
ಕೊಡ ಹಿಡಕೊಂಡು ಓಡಿದೆವು.