ಹನ್ನೆರಡು ಗುಳಿಯ ತಟ್ಟೆ

ಲಾರ್ನ್ ಹೇಳಿದ್ದು ಮೂರು ಸಾವಿರದ ಎಂಟುನೂರು ಡಾಲರ್.
ಹೇಳಿ, ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ,
ಬೆಲೆಯೂ ಅಂಟಿಕೊಂಡಿತ್ತೇನೋ ಎಂಬಂತೆ.
ಟ್ರಕ್ಕನ್ನೇ ಮಾರಿದರೂ ಅದರ ಅರ್ಧ ಹುಟ್ಟದು.
ಒಳಗೆ ಕನೆಕ್ಟಿಂಗ್ ರಾಡ್ ಸಡಿಲ:
ಏರು ಬಂದಾಗಲೆಲ್ಲ ಯಾರೋ ಒಳಗಿನಿಂದ
ಬಾಗಿಲು ಬಡಿದಂತೆ. ಟಕ್, ಟಕ್, ಟಕ್.
ಯಾರು ಎಂದು ಕೇಳದೆ ಎರಡು ವಾರ ಓಡಿಸಿದೆ.

ಗುಜರಿಯಲ್ಲಿ ಇನ್ನೊಂದು ಎಂಜಿನ್ ಇದೆ, ಆರುನೂರಕ್ಕೆ.
ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯದು;
ಹಿಂದೆ ಏನಾಯಿತೆಂದೇ ಗೊತ್ತಿಲ್ಲದ ಎಂಜಿನ್.
"ಮನೆಯಲ್ಲೇ ಮಾಡಬಹುದು," ಎಂದ ಗುಜರಿಯ ಹುಡುಗ,
ಮೊಟ್ಟೆ ಬೇಯಿಸುವ ಮಾತಾಡಿದಷ್ಟು ಸಲೀಸಾಗಿ.

ಮನೆಯಲ್ಲಿ ಅಂದರೆ ಈ ಶೆಡ್ಡಿನಲ್ಲಿ.
ಥಂಡರ್ ಬೇಯಲ್ಲಿ ಅಕ್ಟೋಬರ್; ಸಿಮೆಂಟು ನೆಲ ಮೊಣಕೈ ಕಚ್ಚುತ್ತದೆ.
ಇವತ್ತು ಶುಕ್ರವಾರ. ಸೋಮವಾರ ಐದೂವರೆಗೆ
ಟಪಾಲು ಹೊತ್ತು ಹೊರಡಬೇಕು ನಾನು,
ಕಾಕಬೆಕ ರಸ್ತೆಯುದ್ದಕ್ಕೂ ನೂರ ಹನ್ನೆರಡು ಪೆಟ್ಟಿಗೆ.
ಪಿಂಚಣಿ, ಬೀಜದ ಕ್ಯಾಟಲಾಗು, ಯಾರದೋ ಔಷಧಿ;
ಅವು ನನ್ನ ಬೇರಿಂಗಿನ ಕಷ್ಟ ಕೇಳುವುದಿಲ್ಲ.

ನನ್ನ ಅರ್ಹತೆ: ಒಂದು ಸಲ ಬಟ್ಟೆ ಒಗೆಯುವ ಯಂತ್ರ ಬಿಚ್ಚಿದ್ದೆ.
ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದವು.
ಹನ್ನೊಂದು ವರ್ಷವಾಯಿತು, ಯಂತ್ರ ತಿರುಗುತ್ತಲೇ ಇದೆ,
ಸ್ಕ್ರೂಗಳು ಕಿಟಕಿಯ ಹಲಗೆಯ ಮೇಲಿವೆ.
ಯಾರು ಹೆಚ್ಚುವರಿ, ಅವೋ ನಾನೋ,
ಇನ್ನೂ ಇತ್ಯರ್ಥವಾಗಿಲ್ಲ.

ಆರ್ವೋ ಹೋಗುವಾಗ ಟಾರ್ಕ್ ರೆಂಚ್ ಒಯ್ದ, ನಾಯಿಯನ್ನು ಬಿಟ್ಟ.
ಬೇಸರವಿಲ್ಲ. ನಾಯಿ ಒಳ್ಳೆಯದು.
ಆದರೆ ಇವತ್ತು ರೆಂಚ್ ಬೇಕಿತ್ತು.

ಪಕ್ಕದ ಮನೆಯ ವೆಯ್ಕೊ ಎಂಜಿನ್ ಎತ್ತುವ ಕ್ರೇನು ಕೊಡುತ್ತಾನಂತೆ,
ಭಾನುವಾರ ಸಂಜೆಯೊಳಗೆ ಒರೆಸಿ ವಾಪಸು ಮಾಡಬೇಕು.
ಎಡಗೈ ಎತ್ತಿ ತೋರಿಸಿದ; ಬೆರಳು ಮೂರೇ.
"ತೂಗುವ ಎಂಜಿನ್ ಕೆಳಗೆ ಕೈ ಹಾಕಬೇಡ.
ನನ್ನ ಹತ್ತಿರ ಇರೋದು ಇದೊಂದೇ ಪಾಠ,
ಮಿಕ್ಕಿದ್ದೆಲ್ಲ ಪುಸ್ತಕದಲ್ಲಿದೆ."

ಪುಸ್ತಕ ಗ್ರಂಥಾಲಯದ್ದು. ನನಗಿಂತ ಮೊದಲು ಓದಿದವರು
ನಲವತ್ತೊಂದನೆಯ ಪುಟಕ್ಕೆ ಕಪ್ಪು ಹೆಬ್ಬೆಟ್ಟೊತ್ತಿದ್ದಾರೆ.
ಆ ಪುಟ ಹೇಳುತ್ತದೆ: ಗೇರ್‌ಬಾಕ್ಸಿನ ನೆತ್ತಿಯ ಬೋಲ್ಟು
ಕಣ್ಣಿಗೆ ಕಾಣದು, ಮುಟ್ಟಿಯೇ ತಿಳಿಯಬೇಕು.
ಮುಂದಿನ ಪುಟಗಳೆಲ್ಲ ಬೆಳ್ಳಗಿವೆ.
ಅಲ್ಲಿಗೆ ಕೈ ತೊಳೆದುಕೊಂಡರೋ,
ಇಲ್ಲ, ಪುಸ್ತಕದ ಅಗತ್ಯವೇ ಮುಗಿಯಿತೋ?

"ಬಿಚ್ಚೋದು ಯಾರಿಗೂ ಬರುತ್ತೆ," ಎನ್ನುತ್ತಾಳೆ ತಂಗಿ ಸೈಮಿ ಫೋನಿನಲ್ಲಿ.
ನಿಜ. ಆರ್ವೋಗೂ ಬಂದಿತ್ತು.
"ದುಡ್ಡು ನಾನು ಕೊಡ್ತೀನಿ, ಲಾರ್ನ್‌ಗೇ ಬಿಡು."
ಕೊಡುತ್ತಾಳೆ. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೆ
ಟ್ರಕ್ ಹೇಗಿದೆ ಎಂದು ಕೇಳುತ್ತಾಳೆ,
ತಾನೇ ಹೆತ್ತದ್ದನ್ನು ವಿಚಾರಿಸುವ ದನಿಯಲ್ಲಿ.
ನನ್ನ ಲೆಕ್ಕದ ಹಾಳೆಯಲ್ಲಿ ಅದಕ್ಕೊಂದು ಸಾಲಿಲ್ಲ.

ಯೋಚಿಸುತ್ತೇನೆ ಅಂದೆ.
ಅಳತೆಗೆಂದಷ್ಟೇ ಶೆಡ್ಡಿಗೆ ಬಂದದ್ದು:
ತೊಲೆಗೂ ಎಂಜಿನ್ನಿಗೂ ನಡುವೆ ಎಷ್ಟು ಜಾಗ.
ಬಾನೆಟ್ ಅಡ್ಡ ಬಂತು. ನಾಲ್ಕೇ ಬೋಲ್ಟು.
ಕಳೆದುಹೋಗದಿರಲಿ ಎಂದು
ಮಫಿನ್ ತಟ್ಟೆಯ ಮೊದಲ ಗುಳಿಗೆ ಹಾಕಿದೆ.
ಬ್ಯಾಟರಿ ಮಗ್ಗುಲಿಗೆ ಟೇಪು ತೂರಲಿಲ್ಲ. ಎರಡನೆಯ ಗುಳಿ.
ರೇಡಿಯೇಟರಿನ ನೀರು ಹೇಗೂ ಬದಲಿಸಬೇಕಿತ್ತು;
ಬಕೆಟ್ಟಿಗೆ ಹಸಿರು ಇಳಿಯಿತು, ಸಿಹಿ ವಾಸನೆಯ ವಿಷ.
ನಾಯಿಯನ್ನು ಅಡುಗೆಮನೆಗೆ ಅಟ್ಟಿ ಬಂದೆ.
ವಯರುಗಳಿಗೆ ಚೀಟಿ ಅಂಟಿಸಿದೆ:
ಇದು ಅದಕ್ಕೆ.
ಇದು ಗೊತ್ತಿಲ್ಲ.
ಇದೂ ಗೊತ್ತಿಲ್ಲ, ಆದರೆ ಎಡಗಡೆ.

ಕತ್ತಲಾದ ಮೇಲೆ ಲಾರ್ನ್ ಫೋನು:
"ಹಿಲ್ಯಾ, ಬುಧವಾರ ಜಾಗ ಇದೆ. ಹೆಸರು ಬರ್ಕೊಳ್ಲಾ?"
ಹೆಗಲವರೆಗೆ ಒಳಗಿದ್ದೆ, ಫೋನು ಕೆನ್ನೆಗೂ ಭುಜಕ್ಕೂ ನಡುವೆ,
ಕಾಣದ ಕಬ್ಬಿಣವನ್ನು ಬೆರಳ ತುದಿಯಲ್ಲಿ ತಡವುತ್ತ.
ಒಂದು ಅಂಚು. ಇನ್ನೊಂದು. ಆರು ಮೂಲೆ.
ಓ, ಇಲ್ಲಿದ್ದೀಯ.
"ಏನಂದೆ?" ಅಂದ ಲಾರ್ನ್.

ಇನ್ನೂ ತೀರ್ಮಾನಿಸಿಲ್ಲ, ಅಂದೆ.
ತಟ್ಟೆಯಲ್ಲಿ ಐದು ಗುಳಿ ಖಾಲಿ ಇದ್ದವು.