ಎರಡು ಹೆಸರಿನ ಸೂಲಗಿತ್ತಿ

ಕ್ವೆಂಕಾ ಊರಿನ ಮನೆಗಳು ಕಮರಿಯ ಅಂಚಿಗೆ
ಹಲ್ಲು ಕಚ್ಚಿ ನಿಂತಿವೆ.
ಕೆಳಗೆ ಹುಯೆಕಾರ್ ಹೊಳೆ.
ಮೇಲೆ ವಿಚಾರಣೆಯ ಕೋಣೆ, ಅದರ ಮೂಲೆಯಲ್ಲಿ
ನಾನು, ಹಿನೆಸ್, ಗುಮಾಸ್ತ.
ಮೂವತ್ತೊಂದು ವರ್ಷ ಪರರ ಬಾಯಿಮಾತನ್ನು
ಒಂದಕ್ಷರ ಕೂಡಿಸದೆ ಕಳೆಯದೆ ಬರೆದವನು.
ನನ್ನ ಸತ್ಯ ಅಷ್ಟೇ ಉದ್ದ: ಒಂದು ಹೆಬ್ಬಾತಿನ ಗರಿ.

ಆ ಚಳಿಗಾಲ ಕರೆತಂದರು ಒಬ್ಬ ಸೂಲಗಿತ್ತಿಯನ್ನು.
ಹೆಸರು? ಬ್ರಿಯಾಂಡಾ.
ಇನ್ನೊಂದು ಹೆಸರು? ಸುಮ್ಮನಿದ್ದಳು.
ಇನ್ನೊಂದು ಹೆಸರು?
ನುಜೇಯಾ, ಅಂದಳು,
ಒಲೆಯಿಂದ ಬಿಸಿ ಪಾತ್ರೆ ಇಳಿಸಿದ ಹಾಗೆ, ಮೆಲ್ಲಗೆ.
ಬರೆದುಕೊಂಡೆ ಎರಡನ್ನೂ, ನಡುವೆ ಒಂದು ಗೆರೆ.

ಶುಕ್ರವಾರ ಮಡಿಬಟ್ಟೆ ಉಟ್ಟಳು.
ಹಂದಿಯ ಕೊಬ್ಬು ಮುಟ್ಟದೆ ಎಣ್ಣೆಯಲ್ಲೇ ಬದನೆ ಹುರಿದಳು,
ನೆರೆಯವಳ ಮೂಗು ಸಾಕ್ಷಿ.
ಇಗರ್ಜಿಯಿಂದ ಬಂದ ತನ್ನವರ ಕೂಸುಗಳ ನೆತ್ತಿಯನ್ನು
ಬೆಚ್ಚನೆ ನೀರಲ್ಲಿ, ರೊಟ್ಟಿಯ ತುಣುಕಲ್ಲಿ ಉಜ್ಜಿ
ಪಾದ್ರಿ ಹಚ್ಚಿದ ಎಣ್ಣೆ ತೊಳೆದಳು.

ಇಷ್ಟೇ ಆಗಿದ್ದರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.
ಆದರೆ ಅವಳದೇ ಕೇರಿಯ ಮುದುಕನೊಬ್ಬ, ಹೆದರಿ, ಇನ್ನೂ ಹೇಳಿದ್ದ:
ಹುಟ್ಟುತ್ತಲೇ ಸಾಯುವ ಹಳೆಯ ಕ್ರೈಸ್ತರ ಮಕ್ಕಳಿಗೆ
ಪಾದ್ರಿ ಬರುವಷ್ಟು ಹೊತ್ತಿಲ್ಲದಾಗ
ಇವಳೇ ನೀರು ಹಾಕುತ್ತಾಳೆ,
ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ,
ಒಂದು ಶಬ್ದ ತಪ್ಪದೆ.
ಅಟ್ಟದ ಮೇಲೆ ಗುಟ್ಟಾಗಿ ಪಾಠ ಹೇಳುವ ಫಕೀಹ
ಕೇಳಿದನಂತೆ: ದೇವರೊಬ್ಬನೇ ಅನ್ನುವ ನಾಲಿಗೆಯ ಮೇಲೆ
ಆ ಮೂರು ಹೇಗೆ ಹೊರಳಿತು?
ಕೂಸು ಹೆತ್ತವಳದು, ದೇವರೂ ಹೆತ್ತವಳದೇ,
ನನ್ನದು ಬರೀ ಕೈ, ಅಂದಳಂತೆ.
ಅಂದಿನಿಂದ ಅವನ ಹೊಸಿಲೂ ಅವಳಿಗಿಲ್ಲ.

ಕಿರಿಯ ವಿಚಾರಕ ಸಾಲಮಾಂಕಾದಲ್ಲಿ ಓದಿದವನು,
ಕೆಟ್ಟವನಲ್ಲ, ನೆಗಡಿಯಾಗಿತ್ತು,
ಮೂಗೊರೆಸಿಕೊಂಡು ಕೇಳಿದ:
ಆ ನೀರು ಸುರಿದಾಗ ನಿನ್ನ ಮನಸ್ಸಿನಲ್ಲಿ ಏನಿತ್ತು?
ಸಂಕಲ್ಪ ಇತ್ತೋ ಇಲ್ಲವೋ?
ಇರದಿದ್ದರೆ ನೀರು ಬರೀ ನೀರು,
ಆ ಮಕ್ಕಳು ಹೊರಗೆ, ಎಂದೆಂದಿಗೂ.

ಗರಿ ನಿಂತಿತು. ಕಾಗದದ ಮೇಲೆ ಒಂದು ಹನಿ ಕಪ್ಪು
ಉಬ್ಬಿ, ಹರಡಿತು.

ಏಳು ವರ್ಷದ ಹಿಂದೆ, ಆಲಿಕಲ್ಲು ಸುರಿವ ರಾತ್ರಿ,
ಲಿಯೊನೋರಳ ಹೊಟ್ಟೆಯಿಂದ ಅಂಜೂರದ ಬಣ್ಣವಾಗಿ ಬಂದವಳು
ಎರಡು ಸಲ ಬಾಯಿ ತೆರೆದಳು. ಮೂರನೆಯದಿಲ್ಲ.
ನೀರು, ನೀರು, ಎಂದು ಹೆಂಡತಿ ಕಿರುಚಿದಾಗ
ನಾನು ಬಾಗಿಲಾಚೆ ದೀಪ ಹಿಡಿದು ಮರವಾಗಿದ್ದೆ.
ಈ ಹೆಂಗಸು ಬೊಗಸೆ ಬಾಗಿಸಿದಳು.
ಹಾಗಾಗಿ ನನ್ನ ಮಗಳು ಇಗರ್ಜಿಯ ಗೋಡೆಯೊಳಗೆ
ಮಲಗಿದ್ದಾಳೆ, ಗೋಡೆಯಾಚೆ ಅಲ್ಲ.

ಉತ್ತರಿಸು, ಅಂದರು.
ಅವಳು ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಏನು ಮಾಡುತ್ತಿದ್ದೆನೋ, ಇಂದಿಗೂ ತಿಳಿಯದು.
ಆ ತಾಯಂದಿರ ಮನಸ್ಸಿನಲ್ಲಿ ಏನಿತ್ತೋ ಅದೇ ಇತ್ತು,
ಗುಲಗಂಜಿಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.
ಯಾರ ಮನೆ? ಒಬ್ಬ ಹಳೆಯ ಕ್ರೈಸ್ತ ಬಂದು
ಹೌದೆಂದರೆ ಶಿಕ್ಷೆ ಅರ್ಧಕ್ಕಿಳಿದೀತು.
ಅವಳು ತನ್ನ ಕೈಗಳನ್ನೇ ನೋಡಿಕೊಂಡಳು.
ನೆನಪಿಲ್ಲ, ಸ್ವಾಮಿ. ಕತ್ತಲಿತ್ತು.
ಹೆರಿಗೆಯ ಹೊತ್ತಿಗೆ ಎಲ್ಲ ಮನೆಯೂ ಒಂದೇ ಥರ.

ಬರೆದೆ: ನೆನಪಿಲ್ಲ ಎಂದಳು.
ಒಂದಕ್ಷರ ಕೂಡಿಸದೆ ಕಳೆಯದೆ.
ಮರಳು ಉದುರಿಸಿ ಒಣಗಿಸಿದೆ, ಊದಿದೆ.

ನೂರು ಛಡಿ. ಊರಿಂದಾಚೆ ಆರು ವರ್ಷ.
ಅವಳಿಗೆ ತೊಡಿಸಿದ ಹಳದಿ ಗೋಣಿಯಂಗಿ
ಇಗರ್ಜಿಯ ಗೋಡೆಗೆ ನೇತುಬಿದ್ದಿದೆ ಈಗಲೂ, ನುಸಿ ತಿನ್ನುತ್ತ.
ಅದರ ಮೇಲೆ ಹೆಸರು ಬರೆದದ್ದೂ ನಾನೇ, ಒಂದೇ ಹೆಸರು,
ದಪ್ಪ ಅಕ್ಷರದಲ್ಲಿ. ಅದರಡಿಯೇ ಮೊಣಕಾಲೂರುತ್ತೇನೆ.
ಪಾದ್ರಿಯ ಕಿವಿಗೆ ಎಲ್ಲ ಪಾಪವನ್ನೂ ಸುರಿದಿದ್ದೇನೆ;
ಇದಕ್ಕೆ ಮಾತ್ರ ಅವರ ಪಟ್ಟಿಯಲ್ಲಿ ಹೆಸರಿಲ್ಲ.

ಆ ಸಂಜೆ ಲಿಯೊನೋರ್ ಕೇಳಿದಳು: ಇವತ್ತು ಯಾರು?
ಯಾರೋ ಹೊಸ ಕ್ರೈಸ್ತಳು, ಅಂದೆ.
ಹಂದಿಮಾಂಸದ ಬಟ್ಟಲು ನಡುವೆ ಇಟ್ಟು ಕೂತಳು.
ನಾನು ಶಾಯಿಯ ಕೈ ತೊಳೆಯಲು ಹಿತ್ತಲಿಗೆ ಹೋದೆ.
ತೊಳೆದೆ. ಮತ್ತೆ ತೊಳೆದೆ.
ಸಾಕು ಬನ್ನಿ, ಅಂದಳು ಒಳಗಿಂದ, ದನಿ ತಗ್ಗಿಸಿ,
ಅಷ್ಟು ಹೊತ್ತು ಕೈ ತೊಳೆಯಬೇಡಿ,
ಯಾರಾದರೂ ನೋಡಿಯಾರು.